ಬೇಸಿಗೆಯ ಜೇಬಿನಲ್ಲಿ ಉಣ್ಣೆ ಟೋಪಿ

ಈ ಸಭೆಯನ್ನು ನಡೆಸಿಕೊಡುತ್ತಿರುವ ಶಾಲಾ ಸಮಿತಿಯ ಅಧ್ಯಕ್ಷರೇ, ಕಚೇರಿಯ ಕಡತಗಳನ್ನು ಮೇಜಿನ ಮೇಲೆ ಬಿಟ್ಟು ನಮಗಾಗಿ ಬಂದಿರುವ ಶಿಕ್ಷಣಾಧಿಕಾರಿಗಳೇ, ಒಂಬತ್ತು ವರ್ಷಗಳಿಂದ ನನ್ನ ಮಾತನ್ನು ಸಹಿಸಿಕೊಂಡಿರುವ ಮುಖ್ಯೋಪಾಧ್ಯಾಯಿನಿಯವರೇ, ವೇದಿಕೆಯ ಆ ತುದಿಯಲ್ಲಿ ಕೈಕಟ್ಟಿ ಕುಳಿತಿರುವ ಮುದ್ರಣಾಲಯದ ಮಾಲೀಕರೇ, ಸಹೋದ್ಯೋಗಿಗಳೇ, ತಂದೆತಾಯಂದಿರೇ, ಇನ್ನೂ ಎಷ್ಟು ಹೊತ್ತು ಎಂದು ಆಗಲೇ ಪಕ್ಕದವರನ್ನು ಕೇಳಲು ಶುರುಮಾಡಿರುವ ಒಂದನೇ ತರಗತಿಯ ನನ್ನ ಮಕ್ಕಳೇ, ಸಭಿಕರೇ,

ಮನೆಯಿಂದ ಹೊರಡುವಾಗ ನಮ್ಮ ಯಜಮಾನರು ಒಂದು ಬುದ್ಧಿವಾದ ಹೇಳಿ ಕಳಿಸಿದ್ದಾರೆ. "ನೋಡು, ಫಲಕ ಕೊಡ್ತಾರೆ, ಇಸ್ಕೋ. ಧನ್ಯವಾದ ಹೇಳು. ಇಳಿದು ಬಾ. ನೀನು ಮೈಕ್ ಹಿಡಿದ್ರೆ ಬೆಲ್ ಹೊಡೆಯೋರು ಬೇಕಾಗತ್ತೆ" ಎಂದರು. ಅವರು ಐದನೇ ಸಾಲಿನಲ್ಲಿ ಕುಳಿತಿದ್ದಾರೆ. ಈಗ ತಲೆ ತಗ್ಗಿಸಿದರು, ನೋಡಿ. ಫಲಕ ಇಸಿದುಕೊಂಡಿದ್ದೇನೆ. ಧನ್ಯವಾದವನ್ನೂ ಹೇಳುತ್ತೇನೆ. ಇಳಿಯುವುದಕ್ಕೆ ಮಾತ್ರ ಸ್ವಲ್ಪ ಸಮಯ ಬೇಕು.

ನನ್ನನ್ನು ಇಂದು ಗೌರವಿಸಿರುವುದು ಒಂದು ಪಟ್ಟಿಗಾಗಿ. ಮೂರು ಕಾಲಗಳ ಪಟ್ಟಿ. ಹತ್ತೊಂಬತ್ತು ವರ್ಷಗಳ ಹಿಂದೆ ನಾನು ಅದನ್ನು ಕಾಗದದ ಮೇಲೆ ಬರೆದೆ, ದರ್ಜಿಯಾದ ನಮ್ಮ ಯಜಮಾನರು ಬಟ್ಟೆಯಲ್ಲಿ ಹೊಲಿದರು. ಬೇಸಿಗೆಗೆ ಹಳದಿ ಜೇಬು, ಮಳೆಗಾಲಕ್ಕೆ ನೀಲಿ ಜೇಬು, ಚಳಿಗಾಲಕ್ಕೆ ಬೂದು ಜೇಬು. ಜೊತೆಗೆ ಇಪ್ಪತ್ತನಾಲ್ಕು ಬಟ್ಟೆಯ ಚೀಟಿಗಳು. ಒಂದರ ಮೇಲೆ ಕೊಡೆ, ಒಂದರ ಮೇಲೆ ಸ್ವೆಟರ್, ಒಂದರ ಮೇಲೆ ಬೀಸಣಿಗೆ, ಹೀಗೆ. ಮಗು ಎದ್ದು ಬರಬೇಕು, ಚೀಟಿ ತೆಗೆಯಬೇಕು, ಯಾವ ಕಾಲದಲ್ಲಿ ಜನ ಅದನ್ನು ಬಳಸುತ್ತಾರೋ ಆ ಜೇಬಿಗೆ ಹಾಕಬೇಕು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಸರಿಯಾದರೆ ಮುಂಗೈ ಮೇಲೆ ಸೂರ್ಯನ ಮುದ್ರೆ. ಆ ಮುದ್ರೆಗಾಗಿ ಮಕ್ಕಳು ಎರಡು ದಿನ ಕೈ ತೊಳೆಯದೆ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು.

ಈ ಪಟ್ಟಿ ಸೋಮವಾರ ಮುದ್ರಣಕ್ಕೆ ಹೋಗಲಿದೆ, ಜೇಬುಗಳ ಸಮೇತ ದಪ್ಪ ರಟ್ಟಿನಲ್ಲಿ. ನಗರದ ನೂರಾ ಹತ್ತು ಶಾಲೆಗಳ ಒಂದನೇ ತರಗತಿಯ ಗೋಡೆಗಳ ಮೇಲೆ ಅದು ತೂಗಲಿದೆ. ಒಬ್ಬ ಶಿಕ್ಷಕಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಏನಿದೆ? ಏನೂ ಇಲ್ಲ. ಆದರೂ ಸಭಿಕರೇ, ಈ ಪಟ್ಟಿಯನ್ನು ಈಗ ಇರುವಂತೆ ಮುದ್ರಿಸಬಾರದು ಎಂದು ಕೇಳಿಕೊಳ್ಳಲು ನಾನು ಇಲ್ಲಿ ನಿಂತಿದ್ದೇನೆ. ಯಾಕೆ ಎಂಬುದನ್ನು ಮೊದಲಿನಿಂದ ಹೇಳಬೇಕು.

ನನ್ನ ತರಗತಿಯ ದಿನ ಶುರುವಾಗುವುದು ಬಾಗಿಲಿನಿಂದ. ಹಾಜರಿ ಆದಮೇಲೆ ಒಂದು ಮಗು ಹೊರಗಿನ ಪಡಸಾಲೆಗೆ ಹೋಗಿ ಒಂದು ನಿಮಿಷ ನಿಲ್ಲಬೇಕು. ಒಳಗೆ ಬಂದು ಹವೆ ಹೇಗಿದೆ ಎಂದು ಉಳಿದವರಿಗೆ ತಿಳಿಸಬೇಕು. ಅದು ಹೇಳಿದ ಮೇಲೆ ನಾವೆಲ್ಲ ಮಾತಾಡುತ್ತೇವೆ: ಹಾಗಾದರೆ ಇವತ್ತು ಜನ ಏನು ಹಾಕಿಕೊಂಡಿರುತ್ತಾರೆ? ಏನು ಕುಡಿಯಬೇಕು ಅನ್ನಿಸುತ್ತೆ? ಬಟ್ಟೆ ಒಣಗುತ್ತಾ? ಕಿಟಕಿ ತೆಗೆಯೋಣವೇ, ಮುಚ್ಚೋಣವೇ? ಇದೇ ಪಾಠ. ಆರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ವಿಜ್ಞಾನ ಬೇಡ ಎಂಬುದು ನನ್ನ ಅಭಿಪ್ರಾಯ.

ಈ ವರದಿಗಳನ್ನು ನಾನು ಬರೆದಿಟ್ಟುಕೊಳ್ಳದೆ ಹೋದದ್ದು ನನ್ನ ದೊಡ್ಡ ನಷ್ಟ. ಒಬ್ಬ ಹೊರಗೆ ಹೋಗಿ ನಿಂತು ಬಂದು, "ಹವೆ ಇನ್ನೂ ಬಂದಿಲ್ಲ ಟೀಚರ್" ಎಂದ. ಇನ್ನೊಬ್ಬಳು, "ಹೊರಗೆ ಬಿಸಿಲು, ನಮ್ಮನೇಲಿ ಮಾತ್ರ ಮೋಡ. ಬೆಳಿಗ್ಗೆಯಿಂದ ಅಮ್ಮ ಯಾರ ಹತ್ರಾನೂ ಮಾತಾಡ್ತಿಲ್ಲ" ಎಂದಳು. ಆ ತಾಯಿ ಸಂಜೆ ಗೇಟಿನ ಬಳಿ ಸಿಕ್ಕಾಗ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಈ ವರ್ಷದ ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಾಳೆ. ತರಗತಿಯವರು ಅವಳನ್ನು ಪೀಪಿ ಎನ್ನುತ್ತಾರೆ. ಸಣ್ಣ ದನಿ, ಎತ್ತರದ ದನಿ, ನಿಲ್ಲದ ದನಿ. ಅವಳಿಗೂ ಆ ಹೆಸರು ಇಷ್ಟ. ನೋಟ್‌ಬುಕ್ಕಿನ ಮೇಲೆ ತಾನೇ ಬರೆದುಕೊಂಡಿದ್ದಾಳೆ. ಅವಳ ವರದಿ ಹೇಗಿರುತ್ತಿತ್ತು ಗೊತ್ತೇ? "ಟೀಚರ್, ಗಾಳಿ ಆ ಕಡೆಯಿಂದ ಬರ್ತಿದೆ. ಡಾಕ್ಟರಮ್ಮನ ಮನೆ ಬಟ್ಟೆ ಎಲ್ಲಾ ಈ ಕಡೆ ಹಾರ್ತಿದೆ. ಒಂದು ಕಾಲುಚೀಲ ಬಿದ್ದೇ ಹೋಯ್ತು. ನಾಯಿ ನಲ್ಲಿ ಕೆಳಗೆ ಒದ್ದೆ ಜಾಗದಲ್ಲಿ ಮಲಗಿದೆ. ಅಂದ್ರೆ ಸೆಖೆ. ಆದ್ರೆ ಇರುವೆ ಮೊಟ್ಟೆ ಹೊತ್ಕೊಂಡು ಗೋಡೆ ಹತ್ತುತಿವೆ. ಅಂದ್ರೆ..." ನಾನೇ ತಡೆಯಬೇಕಿತ್ತು. "ಸಾಕಮ್ಮ ತಾಯಿ, ಒಂದು ನಿಮಿಷ ನೋಡಿದ್ದನ್ನ ಐದು ನಿಮಿಷ ಹೇಳಬಾರದು." "ಇನ್ನೊಂದೇ ಒಂದು ಟೀಚರ್" ಎನ್ನುತ್ತಿದ್ದಳು.

ಬೇಸಿಗೆ ಶುರುವಾಗಿ ಎರಡು ವಾರ ಆಗಿತ್ತು. ಪಟ್ಟಿಯನ್ನು ನೋಡಿ ಒಪ್ಪಿಗೆ ಕೊಡಲು ಐದು ಮಂದಿಯ ಸಮಿತಿ ನನ್ನ ತರಗತಿಗೆ ಬಂತು. ದೊಡ್ಡವರ ಕುರ್ಚಿ ಇರಲಿಲ್ಲ. ಎಲ್ಲರೂ ಮಕ್ಕಳ ಕುರ್ಚಿಯ ಮೇಲೆಯೇ ಕುಳಿತರು. ಅಧ್ಯಕ್ಷರ ಮೊಣಕಾಲು ಅವರ ಗಲ್ಲಕ್ಕೆ ತಾಗುತ್ತಿತ್ತು. ಕ್ಷಮಿಸಬೇಕು ಸಾರ್, ಮಕ್ಕಳು ಇನ್ನೂ ಅದನ್ನೇ ಹೇಳಿ ನಗುತ್ತಾರೆ.

ನಾನು ನಾಲ್ಕು ಮಕ್ಕಳನ್ನು ಮೊದಲೇ ಆರಿಸಿಟ್ಟಿದ್ದೆ. ಪೀಪಿ ನಾಲ್ಕನೆಯವಳು. ಸ್ಪಷ್ಟವಾಗಿ ಮಾತಾಡುತ್ತಾಳೆ, ಸಮಿತಿಗೆ ಚೆನ್ನಾಗಿ ಕೇಳಿಸುತ್ತದೆ ಎಂಬ ಲೆಕ್ಕಾಚಾರ ನನ್ನದು. ಮೂವರು ತಪ್ಪಿಲ್ಲದೆ ಮುಗಿಸಿದರು. ಪೀಪಿ ಬಂದಳು. ಕೊಡೆ ನೀಲಿ ಜೇಬಿಗೆ ಹೋಯಿತು. ಬೀಸಣಿಗೆ ಹಳದಿ ಜೇಬಿಗೆ. ಆಮೇಲೆ ದಪ್ಪ ಕೋಟಿನ ಚೀಟಿ ತೆಗೆದಳು, ಹಳದಿ ಜೇಬಿಗೆ ಹಾಕಿದಳು. ಉಣ್ಣೆ ಟೋಪಿ, ಹಳದಿ ಜೇಬು. ಕೈಗವಸು, ಹಳದಿ ಜೇಬು.

ಕಣ್ತಪ್ಪು ಎಂದುಕೊಂಡೆ. "ಪೀಪಿ, ಇನ್ನೊಂದ್ಸಲ ನೋಡಿ ಹಾಕಮ್ಮ" ಎಂದೆ. ಮೂರನ್ನೂ ತೆಗೆದಳು. ನೋಡಿದಳು. ಮತ್ತೆ ಹಳದಿ ಜೇಬಿಗೇ ಹಾಕಿದಳು.

"ಬೇಸಿಗೇಲಿ ಕೋಟು ಹಾಕ್ಕೋತಾರೇನಮ್ಮ?"

"ಹಾಕ್ಕೋತಾರೆ ಟೀಚರ್. ನಮ್ಮಪ್ಪ ಹಾಕ್ಕೋತಾರೆ. ಟೋಪೀನೂ ಹಾಕ್ಕೋತಾರೆ."

ಮಕ್ಕಳು ನಕ್ಕರು. ಹಿಂದಿನಿಂದ ದೊಡ್ಡವರೂ ಒಬ್ಬಿಬ್ಬರು ನಕ್ಕದ್ದು ಕೇಳಿಸಿತು. ಹತ್ತೊಂಬತ್ತು ವರ್ಷದ ನನ್ನ ಪಟ್ಟಿ ಗೋಡೆಯ ಮೇಲಿತ್ತು, ಐವರು ಪೆನ್ನು ಹಿಡಿದು ಕುಳಿತಿದ್ದರು. ನಾನು ಅವಳ ಹತ್ತಿರ ಹೋಗಿ, ನಗುನಗುತ್ತಲೇ, "ಸುಳ್ಳು ಹೇಳಬಾರದು ಪುಟ್ಟಾ" ಎಂದೆ. ಅವಳ ಕೈ ಹಿಡಿದು, ಆ ಕೈಯಿಂದಲೇ ಮೂರು ಚೀಟಿಗಳನ್ನು ಬೂದು ಜೇಬಿಗೆ ಹಾಕಿಸಿದೆ. ಸಮಿತಿಯ ವರದಿಯಲ್ಲಿ ಈ ಸಂಗತಿ ದಾಖಲಾಗಿದೆ. "ಮಗುವಿನ ತಪ್ಪು ಕಲ್ಪನೆಯನ್ನು ಈ ಪಟ್ಟಿ ಸ್ಥಳದಲ್ಲೇ ತಿದ್ದುತ್ತದೆ" ಎಂಬ ವಾಕ್ಯ ಇದೆ. ಒಪ್ಪಿಗೆ ಸಿಕ್ಕಿದ್ದು ಮುಖ್ಯವಾಗಿ ಆ ವಾಕ್ಯದಿಂದ ಎಂದು ನನಗೆ ಆಮೇಲೆ ಹೇಳಿದರು. ನಾನು ಸಂತೋಷಪಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಮೂರು ದಿನ ಬಿಟ್ಟು ಬಾಗಿಲಿಗೆ ಹೋಗುವ ಸರದಿ ಪೀಪಿಯದು. ಹೋದಳು, ನಿಂತಳು, ಒಳಗೆ ಬಂದಳು.

"ಹವೆ ಹೇಗಿದೆ ಪೀಪಿ?"

"ಗೊತ್ತಿಲ್ಲ ಟೀಚರ್."

"ಬಿಸಿಲಿದೆಯೋ ಇಲ್ಲವೋ?"

"ಗೊತ್ತಿಲ್ಲ ಟೀಚರ್."

ಅವಳ ಮೂಗಿನ ಮೇಲೆ ಬೆವರು ಇತ್ತು. ಮುಂದಿನ ಸರದಿಯಲ್ಲೂ ಅದೇ ಉತ್ತರ. ಲೆಕ್ಕ ಕೇಳಿದರೂ ಗೊತ್ತಿಲ್ಲ. ಹಾಡು ಹೇಳು ಎಂದರೂ ಗೊತ್ತಿಲ್ಲ. ಬಿಡುವಿನಲ್ಲಿ ಗೆಳತಿಯರೊಂದಿಗೆ ಮಾತಾಡುತ್ತಿದ್ದಳು, ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದಳು. ನಾನೇನು ಮಾಡಿದೆ? ಹಠ ಎಂದುಕೊಂಡೆ. ಪ್ರಗತಿ ಪುಸ್ತಕದಲ್ಲಿ "ಇತ್ತೀಚೆಗೆ ಗಮನ ಕಡಿಮೆ" ಎಂದು ಬರೆದೆ. ಕೆಳಗೆ ನನ್ನ ರುಜು ಇದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳ ರುಜು.

ಸಮಿತಿ ಬಂದು ಹೋದ ಇಪ್ಪತ್ತಾರನೇ ದಿನ, ಗುರುವಾರ. ಅಂದಿನ ಪತ್ರಿಕೆಯಲ್ಲಿ ಉಷ್ಣಾಂಶ ಮೂವತ್ತೊಂಬತ್ತು ಡಿಗ್ರಿ ಎಂದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಗೇಟಿನವರು ಓಡಿಬಂದು, "ಟೀಚರ್, ಯಾರೋ ಬಂದಿದ್ದಾರೆ, ಮೈ ಹುಷಾರಿಲ್ಲ ಅನ್ಸತ್ತೆ. ಕೋಟು ಹಾಕ್ಕೊಂಡಿದ್ದಾರೆ" ಎಂದರು. ಹೊರಗೆ ಹೋಗಿ ನೋಡಿದೆ. ಪಡಸಾಲೆಯಲ್ಲಿ ಒಬ್ಬರು ನಿಂತಿದ್ದರು. ಮೊಣಕಾಲಿನವರೆಗೆ ಬರುವ ದಪ್ಪ ಹತ್ತಿ ತುಂಬಿದ ಕೋಟು. ಕಿವಿ ಮುಚ್ಚುವ ಉಣ್ಣೆ ಟೋಪಿ. ಕೈಯಲ್ಲಿ ಗವಸು. ಮುಖದ ಮೇಲಿನಿಂದ ಬೆವರು ನೀರಿನಂತೆ ಇಳಿಯುತ್ತಿತ್ತು. ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.

"ನಮಸ್ಕಾರ ಟೀಚರ್. ನಾನು ಪೀಪಿ ಅಪ್ಪ."

"ಅಯ್ಯೋ, ಒಳಗೆ ಬನ್ನಿ, ಮೊದಲು ಕೋಟು ಬಿಚ್ಚಿ" ಎಂದೆ.

"ಬಿಚ್ಚಬಾರದು ಅಂದಿದ್ದಾಳೆ ಟೀಚರ್. ನೀವು ನೋಡೋವರೆಗೂ ಬಿಚ್ಚಬಾರದು ಅಂತ. ಒಂದು ತಿಂಗಳಿಂದ ಒಂದೇ ವರಾತ. ಅಪ್ಪ, ಹಾಗೇ ಬಾ, ಹಾಗೇ ಬಾ ಅಂತ. ಇವತ್ತು ಮೇಸ್ತ್ರಿ ಅರ್ಧ ಗಂಟೆ ಬಿಟ್ರು."

ಅವರು ಕೆಲಸ ಮಾಡುವುದು ಕೋಲ್ಡ್ ಸ್ಟೋರೇಜಿನಲ್ಲಿ. ನಮ್ಮ ದಾಖಲಾತಿ ಪುಸ್ತಕದಲ್ಲಿ "ಗೋಡೌನ್ ಕೆಲಸ" ಎಂದಷ್ಟೇ ಇದೆ. ಬರೆದುಕೊಂಡವಳು ನಾನೇ. ಎಂಥ ಗೋಡೌನು ಎಂದು ಕೇಳಿರಲಿಲ್ಲ. ಅವರೇ ವಿವರವಾಗಿ ಹೇಳಿದರು. "ಐಸ್‌ಕ್ರೀಮ್ ಡಬ್ಬ, ಮೀನು, ಬಟಾಣಿ, ಎಲ್ಲಾ ಇಡ್ತಾರೆ. ಒಳಗೆ ಮೈನಸ್ ಹದಿನೆಂಟು. ಬೇಸಿಗೇಲಿ ನಮಗೆ ಪುರುಸೊತ್ತಿಲ್ಲ ಟೀಚರ್, ಎರಡು ಪಾಳಿ. ಚಳಿಗಾಲ ಬಂದ್ರೆ ಐಸ್‌ಕ್ರೀಮ್ ಯಾರು ತಿಂತಾರೆ? ನಮ್ಮ ಕೋಣೆ ಮುಚ್ಚಿ, ಹೊರಗೆ ಲಾರಿಗೆ ಲೋಡ್ ಮಾಡೋಕೆ ಹಾಕ್ತಾರೆ. ಮೂಟೆ ಹೊತ್ರೆ ಮೈ ಬಿಸಿ ಆಗತ್ತೆ. ಬರೀ ಬನಿಯನ್ ಸಾಕು."

ಸಭಿಕರೇ, ಮೂವತ್ತೊಂಬತ್ತಕ್ಕೂ ಮೈನಸ್ ಹದಿನೆಂಟಕ್ಕೂ ಐವತ್ತೇಳು ಡಿಗ್ರಿ ವ್ಯತ್ಯಾಸ. ಈ ಮನುಷ್ಯ ದಿನವೂ ಆ ಐವತ್ತೇಳು ಡಿಗ್ರಿಯನ್ನು ಒಂದು ಬಾಗಿಲು ದಾಟುವಷ್ಟರಲ್ಲಿ ದಾಟುತ್ತಾರೆ. ಚಳಿಗಾಲದಲ್ಲಿ ಆ ಕೋಟು ಮನೆಯಲ್ಲಿ ಮೊಳೆಗೆ ನೇತಾಡುತ್ತಿರುತ್ತದೆ. ಸೆಖೆ ಶುರುವಾದ ವಾರ ಮೊಳೆಯಿಂದ ಇಳಿಯುತ್ತದೆ. ಪೀಪಿ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಅವಳ ಮನೆಯಲ್ಲಿ ಬೇಸಿಗೆ ಬಂತು ಎಂಬುದಕ್ಕೆ ಗುರುತೇ ಆ ಕೋಟು. ಹಾಗಾದರೆ ಕೋಟಿನ ಚೀಟಿಯನ್ನು ಅವಳು ಯಾವ ಜೇಬಿಗೆ ಹಾಕಬೇಕಿತ್ತು? ನೀವೇ ಹೇಳಿ.

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಅವರು ಸಿಟ್ಟಿನ ಮಾತು ಒಂದೂ ಆಡಲಿಲ್ಲ. "ದಾರೀಲಿ ಟೀ ಅಂಗಡಿಯೋರು, ಏನಣ್ಣ, ಊರಿಗೆಲ್ಲ ಬಿಸಿಲು, ನಿಂಗೊಬ್ಬನಿಗೇ ಹಿಮ ಬಿತ್ತಾ ಅಂತ ಕೇಳಿದ್ರು" ಎಂದು ನಕ್ಕರು. ಆಮೇಲೆ ಲೋಟ ಕೆಳಗಿಟ್ಟು, "ಮಾತು ಜಾಸ್ತಿ ಟೀಚರ್ ಅವಳಿಗೆ, ಒಪ್ಕೋತೀನಿ. ಸುಳ್ಳು ಮಾತ್ರ ಹೇಳಲ್ಲ" ಎಂದರು.

ಪೀಪಿಯನ್ನು ಕರೆಸಿದೆ. ಅವಳ ಎತ್ತರಕ್ಕೆ ಬಗ್ಗಿ, "ನೀನು ಹೇಳಿದ್ದೇ ಸರಿ ಪೀಪಿ. ನಂದೇ ತಪ್ಪು" ಎಂದೆ. ಅವಳು ನನ್ನನ್ನು ನೋಡಲಿಲ್ಲ. ಅಪ್ಪನ ಹತ್ತಿರ ಹೋಗಿ, "ಈಗ ಬಿಚ್ಚಪ್ಪ" ಎಂದಳು. ತಾನೇ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. "ಪೀಪಿ, ನಾಳೆ ಹವೆ ಹೇಳ್ತೀಯಾ?" ಎಂದು ಕೇಳಿದೆ. "ಗೊತ್ತಿಲ್ಲ ಟೀಚರ್" ಎಂದಳು.

ಇಲ್ಲಿ ನಾನು ನಮ್ಮ ಅಪ್ಪನ ವಿಷಯ ಹೇಳಬೇಕು. ಬರೆದು ತಂದ ಭಾಷಣದಲ್ಲಿ ಇದು ಇಲ್ಲ. ಯಜಮಾನರು ಕೈಸನ್ನೆ ಮಾಡುತ್ತಿದ್ದಾರೆ. ಇರಲಿ.

ನಮ್ಮಪ್ಪನಿಗೆ ಮೂರು ಕಸುಬು. ಬೇಸಿಗೆಯಲ್ಲಿ ತಳ್ಳುಗಾಡಿಯ ಮೇಲೆ ಐಸ್‌ಕ್ಯಾಂಡಿ ಮಾರುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಅದೇ ಗಾಡಿಯನ್ನು ತೊಳೆದು, ಅದರ ಮೇಲೆ ಕೊಡೆ ಕಡ್ಡಿ, ತಂತಿ, ಸೂಜಿದಾರ ಇಟ್ಟುಕೊಂಡು ಕೊಡೆ ರಿಪೇರಿಗೆ ಹೋಗುತ್ತಿದ್ದರು. ಚಳಿ ಬಂತೆಂದರೆ ಮನೆ ಮನೆಗೆ ಹೋಗಿ ಹಾಸಿಗೆಯ ಹತ್ತಿ ಬಿಡಿಸಿ ಮತ್ತೆ ತುಂಬಿ ಹೊಲಿಯುತ್ತಿದ್ದರು. ಬೆಳಿಗ್ಗೆ ಎದ್ದು ಬಾಗಿಲು ತೆಗೆದು ಆಕಾಶ ನೋಡುತ್ತಿದ್ದರು. "ಇವತ್ತು ಯಾವ ಅಂಗಡಿ ತೆಗೀಲಿ?" ಎಂದು ಅಮ್ಮನನ್ನು ಕೇಳುತ್ತಿದ್ದರು. "ಮೋಡ ನಿಮ್ಮ ನೆಂಟರು ತಾನೇ, ಅವ್ರನ್ನೇ ಕೇಳಿ" ಎನ್ನುತ್ತಿದ್ದಳು ಅಮ್ಮ.

ನಾನು ಎರಡನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ನಾನು ನಿಂತು ಮೂರನ್ನೂ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಉಳಿದವರಿಗೆ ಒಂದೊಂದು, ನಮಗೆ ಮೂರು! ಮೇಷ್ಟ್ರು ಪೆನ್ನು ಎತ್ತಿ ಹಿಡಿದು, "ಇದ್ರಲ್ಲಿ ನಿಜ ಯಾವುದಮ್ಮ?" ಎಂದರು. ತರಗತಿ ನಕ್ಕಿತು. ಅಂದಿನಿಂದ ನಾನು ಯಾವ ಅರ್ಜಿಯಲ್ಲೂ ಆ ಮೂರನ್ನು ಬರೆಯಲಿಲ್ಲ. "ವ್ಯಾಪಾರ" ಎಂದು ಬರೆದೆ. ಮದುವೆಯ ಮಾತುಕತೆಯಲ್ಲೂ ವ್ಯಾಪಾರ ಎಂದೇ ಹೇಳಿದೆವು. ನಮ್ಮ ಯಜಮಾನರಿಗೆ ಮದುವೆಯಾಗಿ ಎರಡು ವರ್ಷದ ಮೇಲೆ ಗೊತ್ತಾಯಿತು. ಅದೂ ನಮ್ಮಪ್ಪ ಅವರ ಮುರಿದ ಕೊಡೆಯನ್ನು ಕೈಯಿಂದ ಕಿತ್ತುಕೊಂಡು ನಿಮಿಷದಲ್ಲಿ ಸರಿಮಾಡಿ ಕೊಟ್ಟಾಗ.

ಹವೆಗೆ ತಕ್ಕಂತೆ ಜನ ಹೇಗೆ ಬದುಕನ್ನು ಹೊಂದಿಸಿಕೊಳ್ಳುತ್ತಾರೆ ಎಂದು ಮಕ್ಕಳಿಗೆ ಕಲಿಸುವವಳು ನಾನು. ಅದಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ ನಮ್ಮ ಮನೆಯಲ್ಲೇ ಇತ್ತು. ಆ ಇಪ್ಪತ್ತನಾಲ್ಕು ಚೀಟಿಗಳಲ್ಲಿ ಕೊಡೆ ಇದೆ, ಕೊಡೆ ರಿಪೇರಿಯವರಿಲ್ಲ. ಐಸ್‌ಕ್ಯಾಂಡಿ ಇದೆ, ಮಾರುವವರಿಲ್ಲ. ಹಾಸಿಗೆ ಇದೆ, ಹತ್ತಿ ತುಂಬುವವರಿಲ್ಲ. ಇದು ಮರೆವಲ್ಲ ಸಭಿಕರೇ. ಮರೆವು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಒಂದು ವಸ್ತುವಿಗೆ ಒಂದೇ ಜೇಬು ಇರುವ ಪಟ್ಟಿ ಬೇಕಾಗಿದ್ದದ್ದು ಮಕ್ಕಳಿಗಲ್ಲ, ನನಗೆ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಪಟ್ಟಿಯನ್ನು ಅವರು ಒಮ್ಮೆ ನೋಡಿದ್ದರು. ಕನ್ನಡಕ ಹಾಕಿಕೊಂಡು ಎಲ್ಲ ಚೀಟಿಗಳನ್ನೂ ತಿರುವಿ ಹಾಕಿ, "ಚೆನ್ನಾಗಿದೆ ಮಗಳೇ, ಹೊಲಿಗೆ ಗಟ್ಟಿಯಾಗಿದೆ" ಎಂದರು. ಚೀಟಿಗಳನ್ನು ಜೋಡಿಸಿ ವಾಪಸು ಕೊಟ್ಟರು.

ನೀರು ಕುಡಿಯುತ್ತೇನೆ, ಒಂದು ನಿಮಿಷ.

ಮುಂದೆ ಏನಾಯಿತು ಎಂದರೆ, ಶನಿವಾರದ ಪೋಷಕರ ಸಭೆಗೆ ಪೀಪಿಯ ಅಮ್ಮ ಬಂದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಮಾತು ಅಳೆದು ಕೊಡುತ್ತಾರೆ. ನಾನು ಅವರಿಗೆ, ಮಗುವಿನ ಹತ್ತಿರ ಕ್ಷಮೆ ಕೇಳಿದ್ದೇನೆ ಎಂದೆ. "ಎಲ್ಲಿ ಕೇಳಿದ್ರಿ?" ಎಂದರು. "ಪಡಸಾಲೇಲಿ" ಎಂದೆ. "ಸುಳ್ಳು ಅಂದಿದ್ದು ಎಲ್ಲಿ?" ಎಂದು ಅವರೇ ಮುಂದುವರಿಸಿದರು. "ನಲವತ್ತು ಮಕ್ಕಳ ಮುಂದೆ, ಐದು ಜನ ದೊಡ್ಡವರ ಮುಂದೆ ಅಂದ್ರಿ. ಅವರ ಲೆಕ್ಕದಲ್ಲಿ ನನ್ ಮಗಳು ಇವತ್ತಿಗೂ ಸುಳ್ಳುಗಾತಿ. ಪಡಸಾಲೇಲಿ ಹೇಳಿದ್ದು ಪಡಸಾಲೇಲೇ ಉಳಿಯತ್ತೆ ಟೀಚರ್. ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಅವಳಿಗೆ ನಿಮ್ಮ ಮೇಲಿದ್ದ ನಂಬಿಕೆ ಹೋಗಿದೆ. ಅದನ್ನ ನಾನು ಅಂಗಡಿಯಿಂದ ತಂದು ಕೊಡೋಕಾಗಲ್ಲ" ಎಂದರು.

ಸೋಮವಾರ ನಲವತ್ತು ಮಕ್ಕಳ ಮುಂದೆ ಹೇಳಿದೆ. ಪೀಪಿ ಸರಿ, ಟೀಚರ್ ತಪ್ಪು ಎಂದೆ. ಆಮೇಲೆ ಆ ಮೂರು ಚೀಟಿಗಳನ್ನು ನಾನೇ ಬೂದು ಜೇಬಿನಿಂದ ತೆಗೆದು ಹಳದಿ ಜೇಬಿಗೆ ಹಾಕಿದೆ. ಎರಡನೇ ಬೆಂಚಿನವನು ಎದ್ದು ನಿಂತ. "ಟೀಚರ್, ಹಾಗಿದ್ರೆ ನಮ್ಮ ಚಿಕ್ಕಪ್ಪನ ಟವೆಲ್ಲೂ ತಪ್ಪು ಜೇಬಲ್ಲಿದೆ. ಬೇಕರಿ ಒಲೆ ಮುಂದೆ ನಿಲ್ತಾರೆ. ಚಳಿಗಾಲದಲ್ಲೂ ಟವೆಲ್ ಒದ್ದೆ ಮಾಡ್ಕೊಂಡು ಕುತ್ತಿಗೆಗೆ ಸುತ್ಕೋತಾರೆ." ಇನ್ನೊಬ್ಬಳು, "ನಮ್ಮಮ್ಮ ರೋಡಿಗೆ ಟಾರು ಹಾಕ್ತಾರೆ. ಬಿಸಿಲಲ್ಲೇ ಬೂಟು, ಎರಡೆರಡು ಕಾಲುಚೀಲ. ಮಳೆ ಬಂದ್ರೆ ಅವ್ರಿಗೆ ರಜೆ" ಎಂದಳು. ಒಬ್ಬನ ತಾತ ಕೊಳದಲ್ಲಿ ಈಜು ಕಲಿಸುತ್ತಾರಂತೆ, ಅವರಿಗೆ ಮಳೆ ಬಂದರೂ ಒಂದೇ, ಬಾರದಿದ್ದರೂ ಒಂದೇ. "ತಾತ ಯಾವಾಗ್ಲೂ ಒದ್ದೆ" ಎಂದ. ಆ ದಿನ ಬೇರೆ ಪಾಠ ನಡೆಯಲಿಲ್ಲ. ಹನ್ನೊಂದು ಚೀಟಿಗಳು ಜೇಬು ಬದಲಾಯಿಸಿದವು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಲಿಸಿದ ಅತ್ಯುತ್ತಮ ಪಾಠ ಅದು. ಕಲಿಸಿದವಳು ನಾನಲ್ಲ ಎಂಬುದನ್ನು ಬಿಟ್ಟರೆ.

ಪೀಪಿ ಎಲ್ಲವನ್ನೂ ಕೇಳಿಸಿಕೊಂಡಳು. ನಕ್ಕಳು ಕೂಡ. ನನ್ನ ಹತ್ತಿರ ಮಾತ್ರ ಮಾತಾಡಲಿಲ್ಲ. ಐದು ಜನ ದೊಡ್ಡವರು ಇನ್ನೂ ಬಾಕಿ ಇದ್ದರಲ್ಲ.

ಆ ಐವರೂ ಈಗ ಇಲ್ಲೇ ಇದ್ದಾರೆ. ಮೂವರು ವೇದಿಕೆಯ ಮೇಲೆ, ಇಬ್ಬರು ಮೊದಲ ಸಾಲಿನಲ್ಲಿ. ಈ ವಿಷಯವನ್ನು ಸಭೆಯಲ್ಲಿ ಹೇಳಬಹುದೇ ಎಂದು ಪೀಪಿಯ ಅಪ್ಪ ಅಮ್ಮನನ್ನು ಕೇಳಿಯೇ ಬಂದಿದ್ದೇನೆ. ಪೀಪಿಯನ್ನೂ ಕೇಳಿದೆ. ತಲೆಯಾಡಿಸಿದಳು. ಅದು ಹೂಂ ಎಂದೇ ನನ್ನ ತಿಳುವಳಿಕೆ.

ಆದ್ದರಿಂದ ಸಮಿತಿಯ ಹಿರಿಯರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ನಿಮ್ಮ ವರದಿಯಲ್ಲಿರುವ ಆ ವಾಕ್ಯ ತಪ್ಪು. ಅಂದು ತಪ್ಪು ಕಲ್ಪನೆ ಇದ್ದದ್ದು ಶಿಕ್ಷಕಿಗೆ. ಮಗು ತನ್ನ ಮನೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿತು. ವಿಜ್ಞಾನ ಎಂದರೆ ಅಷ್ಟೇ ತಾನೇ? ನೋಡು, ನೋಡಿದ್ದನ್ನು ಹೇಳು, ಯಾರು ನಕ್ಕರೂ ಅದನ್ನೇ ಹೇಳು. ಪೀಪಿ ಮೂರನ್ನೂ ಮಾಡಿದಳು. ನಾನು ಅವಳ ಕೈ ಹಿಡಿದು ಸುಳ್ಳನ್ನು ಬೂದು ಜೇಬಿಗೆ ಹಾಕಿಸಿದೆ. ಈ ಪಟ್ಟಿ ಹೀಗೇ ಮುದ್ರಣವಾದರೆ ನೂರಾ ಹತ್ತು ಶಾಲೆಗಳಲ್ಲಿ ನೂರಾ ಹತ್ತು ಪೀಪಿಗಳು ಸುಮ್ಮನಾಗುತ್ತಾರೆ. ಕೋಲ್ಡ್ ಸ್ಟೋರೇಜಿನವರ ಮಕ್ಕಳು, ಬೇಕರಿಯವರ ಮಕ್ಕಳು, ಟಾರು ಹಾಕುವವರ ಮಕ್ಕಳು. ನಮಗೆ ಗೊತ್ತೂ ಆಗುವುದಿಲ್ಲ. ಪ್ರಗತಿ ಪುಸ್ತಕದಲ್ಲಿ "ಗಮನ ಕಡಿಮೆ" ಎಂದು ಬರೆದು ರುಜು ಹಾಕುತ್ತೇವೆ.

ಹಾಗಾದರೆ ಪಟ್ಟಿಯೇ ಬೇಡವೇ? ಬೇಕು. ಮೂರು ಜೇಬುಗಳೂ ಇರಲಿ. ಸೆಖೆಯಲ್ಲಿ ಹತ್ತಿ ಬಟ್ಟೆ, ಮಳೆಗೆ ಕೊಡೆ, ಚಳಿಗೆ ಸ್ವೆಟರ್ ಎಂಬುದೂ ನಿಜವೇ. ಅದರ ಕೆಳಗೆ ನಾಲ್ಕನೆಯ ಜೇಬು ಒಂದು ಬೇಕು. ಅದಕ್ಕೆ ಬಣ್ಣ ಬೇಡ. "ನಮ್ಮ ಮನೆಯಲ್ಲಿ" ಎಂದು ಬರೆದಿರಲಿ. ಜೊತೆಗೆ ಖಾಲಿ ಚೀಟಿಗಳು. ಮಗು ತನ್ನ ಮನೆಯವರ ಕೆಲಸ ನೋಡಿ ತಾನೇ ಚಿತ್ರ ಬರೆದು ಹಾಕಬೇಕು, ಯಾಕೆ ಎಂದು ಉಳಿದವರಿಗೆ ಹೇಳಬೇಕು. ಹಾಗೆಯೇ ಆ ಇಪ್ಪತ್ತನಾಲ್ಕರ ಜೊತೆ ಇನ್ನೊಂದು ಚೀಟಿ ಸೇರಿಸಲು ಅನುಮತಿ ಕೊಡಿ. ಒಂದು ತಳ್ಳುಗಾಡಿ. ಅದನ್ನು ಯಾವ ಜೇಬಿಗೆ ಹಾಕಿದರೂ ಸರಿ ಉತ್ತರವೇ.

ಇದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಮುದ್ರಣಾಲಯದವರನ್ನು ನಿನ್ನೆ ಕೇಳಿದ್ದೆ. "ಟೀಚರ್, ನಾಲ್ಕು ದಿನ ಕೊಡಿ. ಆದ್ರೆ ನನ್ ತಲೆ ಮೇಲೆ ಹಾಕಬೇಡಿ, ಮೇಲಿನವರ ಹತ್ರ ನೀವೇ ಮಾತಾಡಿ" ಎಂದರು. ಮಾತಾಡಿದ್ದೇನೆ ಸಾರ್, ಎಲ್ಲರ ಮುಂದೆಯೇ. ಅಧಿಕಾರಿಗಳು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಇಬ್ಬರ ಮುಖವೂ ಗಂಟಿಕ್ಕಿಲ್ಲ. ಒಳ್ಳೆಯ ಲಕ್ಷಣ. ಈ ಫಲಕವನ್ನು ವಾಪಸು ಕೊಡುತ್ತೇನೆ ಎಂದು ಯಾರೂ ಭಾವಿಸಬೇಡಿ. ಫಲಕ ಚೆನ್ನಾಗಿದೆ, ಮನೆಯಲ್ಲಿ ಜಾಗವನ್ನೂ ಮಾಡಿಟ್ಟಿದ್ದೇನೆ. ವಾಪಸು ಪಡೆಯುತ್ತಿರುವುದು ನನ್ನ ಮಾತನ್ನು ಮಾತ್ರ.

ಪೀಪಿ, ನೀನು ಎದ್ದು ನಿಲ್ಲಬೇಕಾಗಿಲ್ಲ, ಇಲ್ಲಿಗೆ ಬರಬೇಕಾಗಿಯೂ ಇಲ್ಲ. ಕೂತಲ್ಲೇ ಕೇಳಿಸಿಕೋ. ಆ ದಿನ ನೀನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಬಾರದು ಎಂದು ನಾನು ನಿನಗೆ ಹೇಳಿದ್ದು ತಪ್ಪು. ಇದನ್ನು ಅಂದು ನಕ್ಕವರೆಲ್ಲರೂ ಕೇಳಿಸಿಕೊಳ್ಳಲಿ, ನಾನೂ ಅವರಲ್ಲಿ ಒಬ್ಬಳು. ನಿಮ್ಮಪ್ಪ, ಹೊರಗೆ ಊರೆಲ್ಲ ಬೇಯುತ್ತಿರುವಾಗ ಎಂಟು ಗಂಟೆ ಒಂದೇ ಸಮನೆ ಆ ಮೈನಸ್ ಹದಿನೆಂಟರ ಕೋಣೆಯೊಳಗೆ...

ಏನಮ್ಮ?

ಸಭಿಕರೇ, ದಯವಿಟ್ಟು ಸ್ವಲ್ಪ ಹೊತ್ತು ಸದ್ದು ಮಾಡಬೇಡಿ. ಮೂರನೇ ಸಾಲಿನಲ್ಲಿ ಒಬ್ಬರು ಎದ್ದು ನಿಂತಿದ್ದಾರೆ. ಹೇಳು ಪೀಪಿ. ಇನ್ನೂ ಗಟ್ಟಿಯಾಗಿ. ಹೂಂ... ಹೂಂ... ಹೌದಾ?

ಹಿಂದೆ ಕುಳಿತವರಿಗೆ ಕೇಳಿಸಿರಲಾರದು, ನಾನೇ ಹೇಳುತ್ತೇನೆ. ನಾನು ಹೇಳಿದ್ದು ತಪ್ಪಂತೆ. ಎಂಟು ಗಂಟೆ ಒಳಗೇ ಇರುವುದಿಲ್ಲವಂತೆ. ಅಷ್ಟು ಹೊತ್ತು ಒಳಗಿದ್ದರೆ ಬೆರಳು ಮರಗಟ್ಟುತ್ತವಂತೆ. ನಡುನಡುವೆ ಎಲ್ಲರೂ ಹೊರಗೆ ಬಂದು ಮಧ್ಯಾಹ್ನದ ಬಿಸಿಲಿಗೆ ಗೋಡೆಗೆ ಒರಗಿ, ಕೈ ಚಾಚಿಕೊಂಡು ಸಾಲಾಗಿ ನಿಲ್ಲುತ್ತಾರಂತೆ. "ಎಲ್ಲರೂ ನೆರಳು ಹುಡುಕ್ತಾರಲ್ಲ ಟೀಚರ್, ಅಪ್ಪ ಬಿಸಿಲು ಹುಡುಕ್ತಾರೆ" ಎನ್ನುತ್ತಿದ್ದಾಳೆ.

ಇನ್ನೂ ಏನೋ ಹೇಳುತ್ತಿದ್ದಾಳೆ. ಇನ್ನೊಂದೇ ಒಂದಂತೆ. ಹೇಳಲಿ ಬಿಡಿ, ಇಂದು ತಡೆಯುವುದಿಲ್ಲ. ನನ್ನ ಸಮಯ ಮುಗಿಯಿತು, ಉಳಿದದ್ದು ಅವಳದು. ಸಹಾಯಕರೇ, ಈ ಮೈಕಿನ ವೈರು ಮೂರನೇ ಸಾಲಿನವರೆಗೆ ಬರುತ್ತದೆಯೇ ನೋಡಿ.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ನನ್ನ ತಪ್ಪನ್ನು ತಪ್ಪು ಎಂದು ಅಳೆದು ಹೇಳಿದ ಆ ತಾಯಿಗೂ, ನಾಲ್ಕು ಬೀದಿ ಬಿಸಿಲಿನಲ್ಲಿ ನಡೆದು ಬಂದ ಆ ತಂದೆಗೂ ನಾನು ಋಣಿ. ನಮಸ್ಕಾರ.